ಜಿಮೇಲ್ ಮತ್ತು ಟಾಕ್‌ಬ್ಯಾಕ್: ಕೇಳಿ ಓದುವವರಿಗೆ ಫೋನಿನ ಮೇಲ್ ಎಷ್ಟು ಅನುಕೂಲ

ಇದು ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್ ಬಗ್ಗೆ. ನನಗೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಆಫೀಸಿನ ಮೇಲ್, ಬ್ಯಾಂಕಿನ ಮೇಲ್, ಮಗಳ ಶಾಲೆಯ ಮೇಲ್ ಎಲ್ಲವನ್ನೂ ಟಾಕ್‌ಬ್ಯಾಕ್ (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್) ಓದಿ ಹೇಳಬೇಕು, ನಾನು ಕೇಳಬೇಕು. ಮೊದಲೇ ಹೇಳಿಬಿಡುತ್ತೇನೆ, ಮೇಲ್ ಓದೋದಕ್ಕೆ, ಬೇಡದ್ದನ್ನು ಅಳಿಸೋದಕ್ಕೆ, ನಾಲ್ಕು ಸಾಲು ಉತ್ತರ ಬರೆಯೋದಕ್ಕೆ ಈ ಜೋಡಿ ತುಂಬಾ ಚೆನ್ನಾಗಿದೆ. ಬಸ್ಸಿನಲ್ಲಿ ನಿಂತೇ ಅರ್ಧ ಕೆಲಸ ಮುಗಿಯುತ್ತದೆ. ತೊಡಕೆಲ್ಲ ಇರೋದು ಅಟ್ಯಾಚ್‌ಮೆಂಟ್‌ನಲ್ಲಿ, ಅದಕ್ಕೆ ಆ್ಯಪ್ ಕಾರಣವಲ್ಲ.

ಇನ್‌ಬಾಕ್ಸ್ ತೆರೆದು ಬಲಕ್ಕೆ ಸ್ವೈಪ್ ಮಾಡುತ್ತಾ ಹೋದರೆ ಒಂದೊಂದೇ ಮೇಲ್ ಬರುತ್ತದೆ. ಕಳಿಸಿದವರ ಹೆಸರು, ವಿಷಯ, ಮೊದಲ ಸಾಲು, ಸಮಯ ಎಲ್ಲಾ ಒಟ್ಟಿಗೆ ಕೇಳುತ್ತದೆ. ಬೇಡ ಅನಿಸಿದ ಕೂಡಲೇ ಮುಂದಕ್ಕೆ ಹೋಗಬಹುದು, ಪೂರ್ತಿ ಕೇಳಲೇಬೇಕು ಅಂತೇನಿಲ್ಲ. ಡಬಲ್ ಟ್ಯಾಪ್ ಮಾಡಿ ಬೆರಳನ್ನು ಹಾಗೇ ಒತ್ತಿ ಹಿಡಿದರೆ ಆ ಮೇಲ್ ಸೆಲೆಕ್ಟ್ ಆಗುತ್ತದೆ. ಆಮೇಲೆ ಇನ್ನೂ ನಾಲ್ಕನ್ನು ಆರಿಸಿಕೊಂಡು ಮೇಲಿನ ಡಿಲೀಟ್ ಬಟನ್ ಒತ್ತಿದರೆ ಮುಗಿಯಿತು. ಬಟನ್‌ಗಳಿಗೆಲ್ಲ ಹೆಸರಿದೆ. ಇದೇನು ದೊಡ್ಡ ವಿಷಯ ಅನಿಸಬಹುದು. ಆದರೆ ಎಷ್ಟೋ ಆ್ಯಪ್‌ಗಳಲ್ಲಿ ಬರೀ "ಬಟನ್, ಬಟನ್, ಬಟನ್" ಅಂತಷ್ಟೇ ಕೇಳಿಸುತ್ತದೆ, ಯಾವುದು ಕಳಿಸೋದು ಯಾವುದು ಅಳಿಸೋದು ಅಂತ ಗೊತ್ತೇ ಆಗಲ್ಲ.

ಹೊಸದಾಗಿ ಶುರು ಮಾಡುವವರು ಒಂದು ಸೆಟ್ಟಿಂಗ್ ಬದಲಿಸಿಕೊಳ್ಳಿ. ಕಾನ್ವರ್ಸೇಷನ್ ವ್ಯೂ ಆಫ್ ಮಾಡಿ. ಅದು ಆನ್ ಇದ್ದರೆ ಒಂದೇ ವಿಷಯದ ಮೇಲ್‌ಗಳೆಲ್ಲ ಒಂದರೊಳಗೊಂದು ಸೇರಿಕೊಳ್ಳುತ್ತವೆ, ಕಣ್ಣಿಗೆ ಅದು ಅಚ್ಚುಕಟ್ಟು, ಆದರೆ ಕಿವಿಗೆ ಹೊಸ ಉತ್ತರ ಎಲ್ಲಿ ಶುರುವಾಯಿತು ಅಂತ ಹುಡುಕೋದೇ ಕೆಲಸ. ಆಫ್ ಮಾಡಿದರೆ ಒಂದು ಮೇಲ್‌ಗೆ ಒಂದು ಸಾಲು, ಅಷ್ಟೇ.

ಮೇಲ್ ಕಳಿಸಿದ ಮೇಲೆ, ಅದನ್ನು ಹಿಂದಕ್ಕೆ ಪಡೆಯೋದಕ್ಕೆ ಕೆಳಗೆ ಅನ್‌ಡೂ ಅಂತ ಬರುತ್ತದಲ್ವಾ, ಅದನ್ನು ನಾವು ಹುಡುಕಿ ಮುಟ್ಟುವಷ್ಟರಲ್ಲಿ ಮಾಯ. ಆಂಡ್ರಾಯ್ಡ್ 10ರಿಂದ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಇಂಥ ಸೂಚನೆಗಳ ಹೊತ್ತನ್ನು 2 ನಿಮಿಷದವರೆಗೆ ಹೆಚ್ಚಿಸಬಹುದು. ಆದರೆ ಎಲ್ಲ ಆ್ಯಪ್‌ಗಳೂ ಇದನ್ನು ಪಾಲಿಸುವುದಿಲ್ಲ. ಅದಕ್ಕಿಂತ ಜಿಮೇಲ್ ಸೆಟ್ಟಿಂಗ್‌ನಲ್ಲೇ "ಕಳಿಸುವ ಮೊದಲು ಕೇಳು" ಅನ್ನೋದನ್ನು ಆನ್ ಮಾಡಿಕೊಳ್ಳೋದು ಒಳ್ಳೇದು.

ಇನ್ನು ಭಾಷೆ. ಟಾಕ್‌ಬ್ಯಾಕ್ ಓದುವ ದನಿ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದ ಸಾಲು ಸರಿಯಾಗಿ ಬರಲ್ಲ. ಗೂಗಲ್‌ನ ಕನ್ನಡ ದನಿ ಇಟ್ಟುಕೊಂಡರೆ ಕನ್ನಡ ಚೆನ್ನಾಗಿ ಓದುತ್ತದೆ, ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ನಿಭಾಯಿಸುತ್ತದೆ. ಟಾಕ್‌ಬ್ಯಾಕ್‌ನ ರೀಡಿಂಗ್ ಕಂಟ್ರೋಲ್‌ನಲ್ಲಿ, ಅಂದರೆ ಓದುವ ರೀತಿ ಬದಲಿಸುವ ಮೆನುವಿನಲ್ಲಿ, ಭಾಷೆ ಬದಲಿಸುವ ಆಯ್ಕೆಯೂ ಇದೆ, ಮೇಲ್ ಬಿಟ್ಟು ಹೊರಗೆ ಹೋಗಬೇಕಿಲ್ಲ. ಐಫೋನ್ ಇಟ್ಟುಕೊಂಡವರಿಗೂ 2022ರ ಐಒಎಸ್ 16ರಿಂದ ಅದರ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ನಲ್ಲಿ ಕನ್ನಡ ದನಿ ಸಿಗುತ್ತಿದೆ.

ಬರೆಯೋದಕ್ಕೆ ನಾನು ಜಾಸ್ತಿ ಬಳಸೋದು ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ಕನ್ನಡ ವಾಯ್ಸ್ ಟೈಪಿಂಗ್, ಅಂದರೆ ಮಾತಾಡಿ ಬರೆಸೋದು. ಇಯರ್‌ಫೋನ್ ಹಾಕಿಕೊಂಡು ಮಾತಾಡಿ, ಇಲ್ಲದಿದ್ದರೆ ಟಾಕ್‌ಬ್ಯಾಕ್ ಹೇಳಿದ್ದೂ ಮೈಕಿಗೆ ಸೇರಬಹುದು. ಕಳಿಸುವ ಮುಂಚೆ ಹೆಸರುಗಳನ್ನಾದರೂ ಅಕ್ಷರ ಅಕ್ಷರವಾಗಿ ಕೇಳಿಸಿಕೊಳ್ಳಿ. ಲ ಇರಬೇಕಾದಲ್ಲಿ ಳ ಬಂದಿದ್ದರೆ ವೇಗದ ಓದಿನಲ್ಲಿ ಕಿವಿಗೆ ಗೊತ್ತಾಗಲ್ಲ. ಒಂದು ಪುಟ ಬರೆಯಬೇಕಿದ್ದರೆ ಬ್ಲೂಟೂತ್ ಕೀಬೋರ್ಡ್ ಬೇಕೇ ಬೇಕು. ಹಿಂದೆ ನೋಕಿಯಾ ಫೋನ್‌ಗಳಲ್ಲಿ ಟಾಕ್ಸ್ ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡು ಬಳಸಿದವರಿಗೆ ಬೆರಳಿಗೆ ಸಿಗುವ ಕೀಗಳ ಸುಖ ಗೊತ್ತಿರುತ್ತದೆ.

ಈಗ ಅಟ್ಯಾಚ್‌ಮೆಂಟ್ ವಿಷಯಕ್ಕೆ ಬರೋಣ. ಮೇಲ್ ತೆರೆದರೆ "ಲಗತ್ತಿಸಿದ ಸುತ್ತೋಲೆ ನೋಡಿ" ಅಂತ ಒಂದೇ ಸಾಲು. ಲಗತ್ತು ತೆರೆದರೆ ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಕಾಗದದ ಫೋಟೋ. ಟಾಕ್‌ಬ್ಯಾಕ್‌ಗೆ ಅದರಲ್ಲಿ ಓದೋದಕ್ಕೆ ಅಕ್ಷರವೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಕನ್ನಡ ಅಕ್ಷರ ಎತ್ತಿ ಕೊಡುತ್ತದೆ, ಆದರೆ ಕೋಷ್ಟಕ ಇದ್ದರೆ ಸಾಲು, ಕಾಲಂ ಕಲಸಿಹೋಗುತ್ತವೆ, ಯಾರ ಹೆಸರಿನ ಮುಂದೆ ಯಾವ ತಾರೀಖು ಅಂತ ನಂಬೋ ಹಾಗಿಲ್ಲ. ಲ್ಯಾಪ್‌ಟಾಪ್ ಇದ್ದರೆ ಆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಫಲಿತಾಂಶ ಸ್ವಲ್ಪ ಚೆನ್ನಾಗಿರುತ್ತದೆ.

ಇದಕ್ಕಿಂತ ಕಷ್ಟ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನ ವರ್ಡ್ ಫೈಲ್. ಕಣ್ಣಿಗೆ ಅದು ಚಂದದ ಕನ್ನಡ. ಒಳಗಿರೋದು ಕನ್ನಡ ಅಕ್ಷರವೇ ಅಲ್ಲ. "ಕನ್ನಡ" ಅನ್ನೋ ಪದವನ್ನೇ ತಗೊಳ್ಳಿ, ಅದರೊಳಗೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುವೆ ತಲೆ ಮೇಲೆ ಗೆರೆ ಇರುವ ಎ ಇರುತ್ತವೆ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಒಂದು ಪುಟ ಪೂರ್ತಿ ಹಾಗೇ. ನನಗೆ ಒಂದು ಕಚೇರಿಯಿಂದ ಬಂದ ಅರ್ಜಿ ನಮೂನೆ ಹೀಗೇ ಇತ್ತು. ಫಾಂಟ್ ಪರಿವರ್ತಕಕ್ಕೆ ಹಾಕಿ ಯುನಿಕೋಡ್, ಅಂದರೆ ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ಅಕ್ಷರ ಮಾಡಿಕೊಂಡರೆ ಓದಬಹುದು, ಆದರೆ ಫೋನಿನಲ್ಲಿ ಕಾಪಿ ಮಾಡಿ, ಪೇಸ್ಟ್ ಮಾಡಿ, ಮತ್ತೆ ಕೇಳೋದು ಅಂದರೆ ತಾಳ್ಮೆ ಬೇಕು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಅದರ 42ನೇ ಸೆಕ್ಷನ್ ಇಲೆಕ್ಟ್ರಾನಿಕ್ ಮಾಹಿತಿ ನಮಗೂ ಓದುವ ಹಾಗಿರಬೇಕು ಅನ್ನುತ್ತದೆ. ಅದಕ್ಕೇ ಈಗ ಓದಲಾಗದ ಲಗತ್ತು ಬಂದಾಗ ಸುಮ್ನೆ ಇರುವುದಿಲ್ಲ. ಅದೇ ಮೇಲ್‌ಗೆ ರಿಪ್ಲೈ ಒತ್ತಿ, "ನಾನು ಸ್ಕ್ರೀನ್ ರೀಡರ್ ಬಳಸುತ್ತೇನೆ, ಇದನ್ನು ಯುನಿಕೋಡ್‌ನಲ್ಲಿ, ಸಾಧ್ಯವಾದರೆ ಮೇಲ್ ಒಳಗೇ ಬರೆದು ಕಳಿಸಿ" ಅಂತ ಕೇಳುತ್ತೇನೆ. ಕೆಲವರು ಅವತ್ತೇ ಕಳಿಸುತ್ತಾರೆ. ಉಳಿದವರಿಗೆ ಫೋನ್ ಮಾಡುತ್ತೇನೆ.