ಖುಫು ದೋಣಿಯ ಮರದ ಕಿಟ್: ಮೊಳೆ, ಹಾಯಿಕಂಬ ಎರಡೂ ಡಬ್ಬಿಯಲ್ಲೇ ಇರಲಿ

ಪ್ರಾಚೀನ ಈಜಿಪ್ಟಿನ ರಾಜ ಖುಫುವಿನ ದೋಣಿಯ ಮಾದರಿ ಕಟ್ಟುವ ಕಿಟ್ ಇದು, ಬಳ್ಳಾರಿಯ ಆಟಿಕೆ ಅಂಗಡಿಯೊಂದರಲ್ಲಿ 1,850 ರೂಪಾಯಿಗೆ ಸಿಗುತ್ತದೆ. ಅಳತೆ 1:100. ಉದ್ದ 43 ಸೆಂ.ಮೀ., ಸರಿಯಾಗಿದೆ, ಅಸಲಿ ದೋಣಿ 43 ಮೀಟರಿಗೆ ತುಸು ಹೆಚ್ಚು. ಅಗಲ ಮಾತ್ರ ಏಳೂವರೆ ಸೆಂ.ಮೀ. ಮಾಡಿದ್ದಾರೆ, ಆರು ದಾಟಬಾರದಿತ್ತು. ಹೊಟ್ಟೆ ಬಂದ ದೋಣಿಯಲ್ಲಿ ರಾಜನ ಗತ್ತು ಎಲ್ಲಿಂದ ಬರಬೇಕು?

ಜೊತೆಗೆ ಒಂದು ಪೊಟ್ಟಣ ಹಿತ್ತಾಳೆ ಮೊಳೆ. ಮುಟ್ಟಬೇಡಿ. 1954ರಲ್ಲಿ ಗೀಜಾದ ದೊಡ್ಡ ಪಿರಮಿಡ್ಡಿನ ದಕ್ಷಿಣಕ್ಕೆ, ಕಲ್ಲು ಮುಚ್ಚಿದ ಹೊಂಡದಲ್ಲಿ ಈ ದೋಣಿ 1,224 ಬಿಡಿ ತುಂಡುಗಳಾಗಿ ಸಿಕ್ಕಿತು. ಲೆಬನಾನಿನ ದೇವದಾರು ಹಲಗೆಗಳಿಗೆ ತೂತು ಕೊರೆದು ಹಗ್ಗದಿಂದ ಹೊಲಿದಿದ್ದರು. ನೀರಿಗಿಳಿದರೆ ಮರ ಉಬ್ಬುತ್ತದೆ, ಹಗ್ಗ ಬಿಗಿಯುತ್ತದೆ, ಸಂದು ಮುಚ್ಚುತ್ತದೆ. ಆನೆಗೊಂದಿಯ ಹರಿಗೋಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ಬಿದಿರನ್ನು ಹಿಡಿದಿಡುವುದು ಹೆಣಿಗೆಯೇ. ಮೊಳೆಯ ಬದಲು ಅರ್ಧ ಮಿ.ಮೀ. ಹತ್ತಿ ದಾರಕ್ಕೆ ಮೇಣ ಸವರಿ ಕಟ್ಟಿ.

ಪಟ್ಟಿ ಬಾಗಿಸುವಲ್ಲಿ ಹೆಚ್ಚಿನವರು ಕೆಡಿಸುತ್ತಾರೆ. ಕೈಪಿಡಿ 10 ನಿಮಿಷ ನೆನೆಸಿ ಎನ್ನುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಬಿದ್ದಿದ್ದ ಮರಕ್ಕೆ ಅದು ಸಾಲದು, ಬಿಸಿನೀರಲ್ಲಿ ಅರ್ಧ ಗಂಟೆ ಬೇಕು. ಬಾಗಿಸಿ, ಬಟ್ಟೆ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಫ್ಯಾನಿನ ಕೆಳಗೆ ಇಟ್ಟರೆ ಹೊರಮೈ ಮೊದಲು ಒಣಗಿ ಸೀಳುತ್ತದೆ. ಹಸಿ ಇರುವಾಗಲೇ ಅಂಟು ಹಾಕಿದರೆ ಪಟ್ಟಿ ಆಮೇಲೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಹೀಗೆ ಹಚ್ಚುತ್ತ ಹೋಗಿ. ಒಂದೇ ಬದಿ ಮುಗಿಸಿದರೆ ಒಡಲು ತಿರುಚಿಕೊಳ್ಳುತ್ತದೆ.

ಹಾಯಿಕಂಬ ಯಾಕೆ ಕೊಟ್ಟರೋ! ಹೊಂಡದಲ್ಲಿ ಹಾಯಿಕಂಬ ಸಿಕ್ಕಿಲ್ಲ, ಸಿಕ್ಕಿದ್ದು ಹುಟ್ಟುಗಳು. ಡಬ್ಬಿಯ ಮೇಲಿನ ಚಿತ್ರವೂ ಬೇರೆ ಕಾಲದ್ದು: ನೆಬಾಮುನ್ ಎಂಬ ಧಾನ್ಯದ ಲೆಕ್ಕಿಗನ ಗೋರಿಯ ಹಕ್ಕಿಬೇಟೆ, ಖುಫುವಿಗಿಂತ ಸಾವಿರ ವರ್ಷಕ್ಕೂ ಈಚಿನದು. ಅದರಲ್ಲಿರುವುದು ಪಪೈರಸ್ ದಂಟು ಕಟ್ಟಿದ ಸಣ್ಣ ತೆಪ್ಪ. ಹಾಗಂತ ಚಿತ್ರ ಪೂರ್ತಿ ದಂಡವಲ್ಲ. ಅದೇ ದಂಟಿನ ಕಟ್ಟನ್ನು ರಾಜನ ಬಡಗಿಗಳು ಮರದಲ್ಲಿ ಅನುಕರಿಸಿದ್ದರು. ನೆಟ್ಟಗೆ ನಿಂತ ಆ ಮೂತಿ ಈ ಕಿಟ್‌ನಲ್ಲಿ ನಿಜಕ್ಕೂ ಸೊಗಸಾಗಿ ಬಂದಿದೆ. ಇಡೀ ಡಬ್ಬಿಯಲ್ಲಿ ದುಡ್ಡು ಕೊಡಬೇಕೆನಿಸುವುದು ಅದಕ್ಕೇ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹುಟ್ಟು ಎಣಿಸಿ. ಬದಿಗಳಿಗೆ ಹತ್ತು, ಹಿಂದೆ ದಾರಿ ತಿರುಗಿಸಲು ಎರಡು, ಒಟ್ಟು 12 ಇರಬೇಕು. ಕಡಿಮೆ ಬಿದ್ದರೆ ಬಿಡಿಯಾಗಿ ಸಿಗುವುದಿಲ್ಲ.