ಎಟಿಮಾನ್‌ಲೈನ್: ‘ಬ್ಯಾಂಕ್’ ಪದ ಹಾಕಿ ಒರೆಹಚ್ಚಿದಾಗ

ಪದಮೂಲ ತಿಳಿಸುವ ಜಾಲತಾಣ ಎಷ್ಟು ಗಟ್ಟಿ ಎಂದು ನೋಡಲು ಉದ್ದನೆಯ ಲ್ಯಾಟಿನ್ ಪದ ಹಾಕಿ ಪ್ರಯೋಜನವಿಲ್ಲ. ಅಂಥವು ಎಲ್ಲ ಕಡೆ ಸರಿಯಾಗಿಯೇ ಸಿಗುತ್ತವೆ. ಚೋಟುದ್ದದ ಪದ ಹಾಕಬೇಕು. ಅಮೆರಿಕದ ಡಗ್ಲಸ್ ಹಾರ್ಪರ್ ಕಟ್ಟಿ ಬೆಳೆಸಿದ, ಉಚಿತವಾಗಿ ಸಿಗುವ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಗೆ, ಅಂದರೆ ಎಟಿಮಾನ್‌ಲೈನ್‌ಗೆ, ಇಲ್ಲಿ ಹಾಕಿರುವುದು ‘ಬ್ಯಾಂಕ್’.

ಹುಡುಕಿದೊಡನೆ ಹಲವು ನಮೂದುಗಳು ಬರುತ್ತವೆ. ನಾಮಪದ 1 ಹಣದ ಬ್ಯಾಂಕು, 2 ಹೊಳೆಯ ದಡ, 3 ಸಾಲಾಗಿ ಜೋಡಿಸಿದ್ದು. ಕ್ರಿಯಾಪದ ಬೇರೆ. ಮೊದಲನೆಯದನ್ನು ಓದಿ ಪುಟ ಮುಚ್ಚಿದರೆ ಕೆಟ್ಟಿತು, ಏಕೆಂದರೆ ನಿಜವಾದ ಸ್ವಾರಸ್ಯ ಇವುಗಳ ನಂಟಿನಲ್ಲಿದೆ.

ದಡದ ಬ್ಯಾಂಕ್ ಸುಮಾರು 1200ರ ಹೊತ್ತಿಗೇ ಇಂಗ್ಲಿಷಿನಲ್ಲಿತ್ತು. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬೇಕು. ವಿಮಾನ ಒಂದು ಮಗ್ಗುಲಿಗೆ ವಾಲುವುದನ್ನು ಬ್ಯಾಂಕ್ ಅನ್ನುವುದೂ ಈ ಇಳಿಜಾರಿನಿಂದಲೇ. ಹಣದ ಬ್ಯಾಂಕ್ ಬಂದದ್ದು 15ನೇ ಶತಮಾನದ ಕೊನೆಗೆ. ಇಟಲಿಯಲ್ಲಿ ಲೇವಾದೇವಿಗಾರನ ಬೆಂಚಿಗೆ ‘ಬಾಂಕಾ’ ಎನ್ನುತ್ತಿದ್ದರು. ಅದು ಫ್ರೆಂಚ್ ಹಾದು ಇಂಗ್ಲಿಷಿಗೆ ಇಳಿಯಿತು. ಇಟಲಿಯವರೂ ಆ ಪದವನ್ನು ಇಂಗ್ಲಿಷ್, ಸ್ಕ್ಯಾಂಡಿನೇವಿಯನ್ ಭಾಷೆಗಳೂ ಸೇರಿದ ಜರ್ಮಾನಿಕ್ ಬಳಗದಿಂದ ಕಡ ತಂದವರೇ. ಹೀಗೆ ದಡ, ಬೆಂಚು, ಬ್ಯಾಂಕು ಮೂರೂ ಒಂದೇ ಮನೆತನದವು. ‘ಬ್ಯಾಂಕಿನ ಬೆಂಚು’ ಅನ್ನುವಾಗ ನಾವು ದಾಯಾದಿಗಳನ್ನು ಪಕ್ಕಪಕ್ಕ ಕೂರಿಸಿರುತ್ತೇವೆ. ಮದುವೆಗೆ ಹಿಡಿಯುವ ಬ್ಯಾಂಕ್ವೆಟ್ ಹಾಲ್‌ನ ಹೆಸರಿನಲ್ಲಿರುವುದೂ ಪುಟ್ಟ ಬೆಂಚೇ. ‘ಬ್ಯಾಂಕ್‌ರಪ್ಟ್’ ಎಂದರೆ ಮುರಿದ ಬೆಂಚು. ದಿವಾಳಿಯಾದವನ ಬೆಂಚನ್ನು ಪೇಟೆಯಲ್ಲೇ ಮುರಿದುಹಾಕುತ್ತಿದ್ದರು ಎಂಬ ಕತೆ ಜನಪ್ರಿಯ. ಪದ ಹುಟ್ಟಲು ಆ ಕತೆಯೇನೂ ಬೇಕಿಲ್ಲ. ವ್ಯವಹಾರ ‘ಮುರಿದುಬಿತ್ತು’ ಅನ್ನಲು ನಮಗೆ ಯಾವ ಬೆಂಚು ಬೇಕಾಯಿತು?

ಗುರುತುಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಇಸವಿಗೆ ಮೊದಲು ಬರುವ ‘ಸಿ’ ಅಕ್ಷರಕ್ಕೆ ‘ಸುಮಾರು’ ಎಂದರ್ಥ. ಅಂಕಿಗೆ ಅಂಟಿ ಬಂದರೆ ಅದೇ ‘ಸಿ’ ಶತಮಾನ. ಇಸವಿ ತೋರಿಸುವುದು ಉಳಿದಿರುವ ಮೊದಲ ಬರಹವನ್ನು, ಪದ ಹುಟ್ಟಿದ ದಿನವನ್ನಲ್ಲ. ಪದದ ಆರಂಭದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು. ‘ಪಿಐಇ’ ಕಂಡರೆ ನಮ್ಮಲ್ಲಿ ಹಲವರು ಸಂಸ್ಕೃತ ಎಂದುಕೊಳ್ಳುತ್ತಾರೆ. ಅಲ್ಲ. ಅದು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆಲ್ಲ ತಾಯಿಯೆಂದು ಊಹಿಸಿರುವ ಮೂಲ ಇಂಡೋ-ಯುರೋಪಿಯನ್.

ಇವತ್ತಿನ ಅರ್ಥ, ಬಳಕೆ ಬೇಕಾದವರು ಇಲ್ಲಿಗೆ ಬರಬಾರದು. ಪದದ ಮೂಲವೇ ಅದರ ಅರ್ಥವಲ್ಲ ಎಂದು ತಾಣವೇ ಎಚ್ಚರಿಸುತ್ತದೆ. ವಿಕ್ಷನರಿಯೂ ಉಚಿತ, ಸೋದರಭಾಷೆಗಳ ರೂಪಗಳು ಅಲ್ಲಿ ಧಾರಾಳ. ಆದರೆ ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಒಂದು ಪುಟ ಬಂಗಾರ, ಇನ್ನೊಂದು ಹೊಟ್ಟು. ಪ್ರತಿ ಅರ್ಥಕ್ಕೂ ಇಸವಿ ಸಮೇತ ಮೂಲ ವಾಕ್ಯಗಳನ್ನು ಸಾಲಾಗಿ ಕೊಡುವುದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದಕ್ಕೆ ಚಂದಾ ಕಟ್ಟಬೇಕು. ವಿಶ್ವವಿದ್ಯಾಲಯದಲ್ಲಿರುವವರು ಮೊದಲು ತಮ್ಮ ಗ್ರಂಥಾಲಯದಲ್ಲಿ ವಿಚಾರಿಸುವುದು ಲೇಸು.