ಲೆಕ್ಕಕ್ಕುಂಟು, ಆಟಕ್ಕೂ ಉಂಟೇ? ಪೂರೈಕೆದಾರರ ವೈವಿಧ್ಯಕ್ಕಾಗಿ ಪಡೆದ ಸೇವೆಯೊಂದರ ಹದಿನೆಂಟು ತಿಂಗಳು

ನಮ್ಮ ಸಂಸ್ಥೆಯ ಖರೀದಿ ವಿಭಾಗವು ಪೂರೈಕೆದಾರರ ವೈವಿಧ್ಯಕ್ಕೆ ಸಂಬಂಧಿಸಿದ ಆನ್‌ಲೈನ್ ಸೇವೆಯೊಂದಕ್ಕೆ ಚಂದಾ ಕಟ್ಟಿ ಹದಿನೆಂಟು ತಿಂಗಳಾಯಿತು. ಮಹಿಳೆಯರು, ಅಲ್ಪಸಂಖ್ಯಾತರು, ಮೂಲನಿವಾಸಿಗಳು, ಅಂಗವಿಕಲರು ಮುಂತಾದವರ ಒಡೆತನದ ಉದ್ದಿಮೆಗಳನ್ನು ಗುರುತಿಸಿ, ದೊಡ್ಡ ಕಂಪನಿಗಳ ಖರೀದಿಯಲ್ಲಿ ಸ್ಪರ್ಧಿಸುವ ಅವಕಾಶವನ್ನು ಅವರಿಗೆ ಒದಗಿಸುವುದು ಈ ಸೇವೆಯ ಉದ್ದೇಶ. ನಮ್ಮ ವೆಂಡರ್ ಪಟ್ಟಿಯನ್ನು ಶುದ್ಧಗೊಳಿಸಿ ವರ್ಗೀಕರಿಸುವುದು, ಹೊಸಬರನ್ನು ಹುಡುಕಲು ಡೈರೆಕ್ಟರಿ ಒದಗಿಸುವುದು, ಮೂರು ತಿಂಗಳಿಗೊಮ್ಮೆ ಖರ್ಚಿನ ವರದಿ ಕೊಡುವುದು, ಹೀಗೆ ಮೂರು ಕೆಲಸಗಳಿಗೆ ಅವರು ಒಪ್ಪಿದ್ದರು. ದಿನವೂ ಅದನ್ನು ಬಳಸುವವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಮೊದಲನೆಯ ಕೆಲಸ ಚೆನ್ನಾಗಿದೆ, ಎರಡನೆಯದು ಅರೆಬರೆ, ಮೂರನೆಯದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಈ ಕ್ಷೇತ್ರಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದಲ್ಲಿ ಅಲ್ಪಸಂಖ್ಯಾತ ಉದ್ದಿಮೆದಾರರಿಗಾಗಿ ನ್ಯಾಷನಲ್ ಮೈನಾರಿಟಿ ಸಪ್ಲೈಯರ್ ಡೆವಲಪ್‌ಮೆಂಟ್ ಕೌನ್ಸಿಲ್ 1972ರಲ್ಲಿ ಆರಂಭವಾಯಿತು. ಮಹಿಳೆಯರ ಉದ್ದಿಮೆಗಳಿಗೆ ಪ್ರಮಾಣಪತ್ರ ನೀಡುವ ಡಬ್ಲ್ಯುಬೆಂಕ್ 1997ರಲ್ಲಿಯೂ, ಇತರ ದೇಶಗಳಲ್ಲಿ ಅದೇ ಬಗೆಯ ಕೆಲಸ ಮಾಡುವ ವೀಕನೆಕ್ಟ್ ಇಂಟರ್‌ನ್ಯಾಷನಲ್ 2009ರಲ್ಲಿಯೂ ಹುಟ್ಟಿದವು. ಇವೆಲ್ಲವೂ ಕನಿಷ್ಠ 51 ಶೇಕಡಾ ಒಡೆತನವನ್ನು ಕೇಳುತ್ತವೆ. ಅಷ್ಟು ಷೇರು ಹೆಸರಿನಲ್ಲಿದ್ದರೆ ಮಾತ್ರ ಸಾಲದು, ಸಂಸ್ಥೆಯ ನಿರ್ವಹಣೆ ಮತ್ತು ನಿಯಂತ್ರಣವೂ ಆ ಒಡೆಯರ ಕೈಯಲ್ಲಿಯೇ ಇರಬೇಕು. ಬ್ಯಾಂಕಿನಲ್ಲಿ ಯಾರ ಸಹಿ ನಡೆಯುತ್ತದೆ, ಕೆಲಸದವರನ್ನು ಯಾರು ನೇಮಿಸುತ್ತಾರೆ, ದರವನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ಕೆದಕಿ ನೋಡದಿದ್ದರೆ ಹೆಂಡತಿಯ ಹೆಸರಿನಲ್ಲಿ ಗಂಡ ನಡೆಸುವ ಬೇನಾಮಿ ಉದ್ದಿಮೆಯೂ ಪಟ್ಟಿಗೆ ಸೇರಿಬಿಡುತ್ತದೆ.

ನಮ್ಮ ಹಳೆಯ ಪಟ್ಟಿಯ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಒಬ್ಬರೇ ಪೂರೈಕೆದಾರರು ಮೂರು ಬಗೆಯ ಕಾಗುಣಿತದಲ್ಲಿ ಮೂರು ಸಲ ದಾಖಲಾಗಿದ್ದರು. ವರ್ಷಗಳಿಂದ ಒಂದೂ ಆರ್ಡರ್ ಕಾಣದ ಹೆಸರುಗಳು ಹಾಗೆಯೇ ಉಳಿದಿದ್ದವು. ಸೇವೆಯವರು ಆರು ವಾರಗಳಲ್ಲಿ ಇದನ್ನೆಲ್ಲ ತಿದ್ದಿ, ಪ್ರಮಾಣಪತ್ರ ಸಂಸ್ಥೆಗಳ ದಾಖಲೆಯೊಂದಿಗೆ ತಾಳೆ ನೋಡಿ ಕೊಟ್ಟರು. ಯಂತ್ರದ ಹೊಂದಾಣಿಕೆ ಅನುಮಾನಾಸ್ಪದವಾಗಿದ್ದ ಕಡೆಗಳಲ್ಲಿ ಅವರ ಸಿಬ್ಬಂದಿ ಫೋನ್ ಮಾಡಿ ಖಚಿತಪಡಿಸಿಕೊಂಡರು. ಆದರೆ ತಾವೇ ಘೋಷಿಸಿಕೊಂಡವರಿಗೂ, ಮೂರನೆಯವರ ಪರಿಶೀಲನೆಗೆ ಒಳಗಾದವರಿಗೂ ಒಂದೇ ಹಸಿರು ಗುರುತು ಹಾಕಿದ್ದರು. ಪ್ರಮಾಣಪತ್ರವನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಅವಧಿ ಮುಗಿದವರಿಗೂ ಅದೇ ಗುರುತು. ಪೂರ್ಣ ತನಿಖೆಯನ್ನು ಎದುರಿಸಿ ಕಾಗದಪತ್ರ ಒಪ್ಪಿಸಿದ ಉದ್ದಿಮೆದಾರರಿಗೆ ಇದು ಅನ್ಯಾಯ. ನಾವು ಅವರಿಗೆ ಬರೆದು ತಿಳಿಸಿದ ಮೇಲೆ, ಐದು ತಿಂಗಳು ತಡವಾಗಿಯಾದರೂ, ಎರಡನ್ನೂ ಬೇರ್ಪಡಿಸಿ ಕೊನೆಯ ಪರಿಶೀಲನೆಯ ದಿನಾಂಕವನ್ನೂ ತೋರಿಸತೊಡಗಿದರು.

ಡೈರೆಕ್ಟರಿಯ ಹುಡುಕಾಟ ಸರಕು, ಸೇವೆಗಳನ್ನು ವರ್ಗೀಕರಿಸುವ ಯುಎನ್‌ಎಸ್‌ಪಿಎಸ್‌ಸಿ ಎಂಬ ಎಂಟು ಅಂಕಿಯ ಸಂಕೇತಗಳ ಮೇಲೆ ನಡೆಯುತ್ತದೆ. ಮೊದಲ ಎರಡು ಅಂಕಿ ದೊಡ್ಡ ವಿಭಾಗವನ್ನೂ, ಮುಂದಿನ ಪ್ರತಿ ಜೋಡಿ ಅದರೊಳಗಿನ ಇನ್ನೂ ಕಿರಿದಾದ ವರ್ಗವನ್ನೂ ಸೂಚಿಸುತ್ತವೆ. ಸಣ್ಣ ಉದ್ದಿಮೆದಾರರು ನೋಂದಾಯಿಸಿಕೊಳ್ಳುವಾಗ ಅವಸರದಲ್ಲಿ ಒಂದು ವಿಶಾಲ ಸಂಕೇತವನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ಆದ್ದರಿಂದ ಎಂಟೂ ಅಂಕಿ ಕೊಟ್ಟು ಹುಡುಕಿದರೆ ಯಾರೂ ಸಿಗುವುದಿಲ್ಲ, ನಾಲ್ಕೇ ಅಂಕಿ ಕೊಟ್ಟರೆ ನೂರಾರು ಹೆಸರು ಉದುರುತ್ತವೆ. ಯಂತ್ರದ ಬಿಡಿಭಾಗಗಳನ್ನು ಸಾಗಿಸಲು ಅಳತೆಗೆ ಕತ್ತರಿಸಿದ ಫೋಮ್ ಒಳಪದರ ನಮಗೆ ಬೇಕಾಗಿತ್ತು. ಪರದೆಯ ಮೇಲೆ ಸಿಗದ ಪೂರೈಕೆದಾರರನ್ನು ಹುಡುಕಿಕೊಟ್ಟವರು ಸೇವೆಯ ಸಂಪರ್ಕಾಧಿಕಾರಿ. ಹಾಸಿಗೆ ತಯಾರಕರೆಂದು ದಾಖಲಾಗಿದ್ದ ಒಬ್ಬ ಮಹಿಳೆಯ ಘಟಕವನ್ನು ಅವರು ಖುದ್ದಾಗಿ ನೋಡಿ ಬಂದಿದ್ದರು. ಅಲ್ಲಿ ಕತ್ತರಿಸುವ ಯಂತ್ರ ಇರುವುದು ಅವರ ನೆನಪಿನಲ್ಲಿತ್ತು. ಇಡೀ ಸೇವೆಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಈ ತಿರುಗಾಟದ ಜ್ಞಾನ.

ಇನ್ನು ವರದಿಯ ವಿಚಾರ. ನಾವು ನೇರವಾಗಿ ಕೊಳ್ಳುವ ಮೊದಲ ಹಂತದ ಲೆಕ್ಕ ಸರಿಯಾಗಿಯೇ ಇದೆ. ನಮ್ಮ ದೊಡ್ಡ ಪೂರೈಕೆದಾರರು ತಮ್ಮ ಕೆಳಗಿನವರಿಂದ ಕೊಳ್ಳುವ ಎರಡನೇ ಹಂತದ ಲೆಕ್ಕದಲ್ಲಿ ಎಡವಟ್ಟಾಯಿತು. ನಮ್ಮ ಕೆಲಸಕ್ಕೆಂದೇ ಮಾಡಿದ ಖರ್ಚಾದರೆ ಅದನ್ನು ಪೂರ್ತಿ ಎಣಿಸಬಹುದು. ಅವರ ಒಟ್ಟಾರೆ ಖರ್ಚಾದರೆ, ಅವರ ವಹಿವಾಟಿನಲ್ಲಿ ನಮ್ಮ ಪಾಲು ಎಷ್ಟೋ ಅಷ್ಟನ್ನೇ ಎಣಿಸಬೇಕು: ಅವರ ಆದಾಯದ ಐದರಲ್ಲಿ ಒಂದು ಪಾಲು ನಮ್ಮಿಂದ ಬರುತ್ತಿದ್ದರೆ, ಇಂಥ ಉದ್ದಿಮೆಗಳಿಗೆ ಅವರು ಕೊಟ್ಟ ನೂರರಲ್ಲಿ ಇಪ್ಪತ್ತು ಮಾತ್ರ ನಮ್ಮ ಲೆಕ್ಕಕ್ಕೆ ಸಲ್ಲುತ್ತದೆ. ಮೊದಲ ಎರಡು ವರದಿಗಳು ನೂರನ್ನೂ ನಮ್ಮ ಖಾತೆಗೆ ಸೇರಿಸಿದ್ದವು. ಅದೇ ನೂರನ್ನು ಆ ಪೂರೈಕೆದಾರರ ಇತರ ಗ್ರಾಹಕರೂ ಪೂರ್ತಿಯಾಗಿ ತೋರಿಸಿಕೊಂಡರೆ, ಒಂದೇ ಹಣ ಹಲವು ಕಡೆ ಲೆಕ್ಕವಾಗುತ್ತದೆ. ಆಡಳಿತ ಮಂಡಳಿಯ ಮುಂದಿಟ್ಟ ಸಂಖ್ಯೆಯನ್ನು ನಾವು ಹಿಂದಕ್ಕೆ ಪಡೆದು ತಿದ್ದಬೇಕಾಯಿತು.

ಇವೆಲ್ಲಕ್ಕಿಂತ ಮುಖ್ಯವಾದ ಕೊರತೆ ನನಗೆ ತಿಳಿದದ್ದು ತಡವಾಗಿ. ಮೊದಲ ಆರು ತಿಂಗಳಲ್ಲಿ ಡೈರೆಕ್ಟರಿಯಿಂದ ಆರಿಸಿ ಆಹ್ವಾನಿಸಿದವರಲ್ಲಿ ಹೆಚ್ಚಿನವರು ಕೊಟೇಷನ್ನನ್ನೇ ಕಳುಹಿಸಲಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಆಹ್ವಾನಿತರ ಸಂಖ್ಯೆ ಏರುತ್ತಿರುವುದನ್ನು ತೋರಿಸುತ್ತಲೇ ಇತ್ತು. ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಕಾರಣ ತಿಳಿಯಲು ನಾನೇ ಒಬ್ಬೊಬ್ಬರನ್ನೂ ಕರೆದು ಮಾತನಾಡಿದೆ. ತಾವು ಪೂರೈಸುವ ಸರಕಿನ ಬೆಲೆಯ ಹತ್ತು ಪಟ್ಟು ವಾರ್ಷಿಕ ವಹಿವಾಟು ಇರಬೇಕೆಂಬ ಷರತ್ತು, ಆರ್ಡರ್ ಸಿಗುವ ಮೊದಲೇ ದೊಡ್ಡ ಮೊತ್ತದ ವಿಮೆ ಮಾಡಿಸಬೇಕೆಂಬ ಷರತ್ತು, ಎಲ್ಲ ಘಟಕಗಳ ಇಡೀ ವರ್ಷದ ಬೇಡಿಕೆಯನ್ನು ಒಬ್ಬರೇ ಪೂರೈಸಬೇಕೆಂಬ ಷರತ್ತು, ಇವುಗಳ ಮೇಲೆ ಬಿಲ್ಲು ಕೊಟ್ಟ ತೊಂಬತ್ತು ದಿನಗಳ ನಂತರ ಪಾವತಿ. ಕಚ್ಚಾ ಮಾಲಿಗೆ ಕೈಯಿಂದ ಹಣ ಹಾಕಿ, ಕೂಲಿ ಕೊಟ್ಟು, ಮೂರು ತಿಂಗಳು ಕಾಯಲು ಬೇಕಾದ ಬಂಡವಾಳ ಅವರಲ್ಲಿರಲಿಲ್ಲ. ಅಂಥ ಬಂಡವಾಳಕ್ಕೆ ಬ್ಯಾಂಕಿನ ಸಾಲ ಸುಲಭವಾಗಿ ಸಿಗದ ಸಮುದಾಯಗಳನ್ನೇ ನಾವು ಕರೆಯುತ್ತಿದ್ದೆವು. ಬಾಗಿಲು ಹಾಕಿದ್ದವರು ನಾವೇ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಅನಂತರ ನಾವು ಬೇಡಿಕೆಯನ್ನು ಸಣ್ಣ ಭಾಗಗಳಾಗಿ ಒಡೆದೆವು, ವಿಮೆಯನ್ನು ಆರ್ಡರ್ ಆದ ಮೇಲೆ ಮಾಡಿಸಿದರೆ ಸಾಕೆಂದೆವು, ಸಣ್ಣವರಿಗೆ ಹದಿನೈದು ದಿನಗಳಲ್ಲಿ ಹಣ ಸಂದಾಯವಾಗುವಂತೆ ಲೆಕ್ಕಪತ್ರ ವಿಭಾಗವನ್ನು ಒಪ್ಪಿಸಿದೆವು. ಗುಣಮಟ್ಟದ ಅಳತೆಯಲ್ಲಿ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಕೊಡಬೇಕೆಂದು ಯಾರೂ ಕೇಳಲೂ ಇಲ್ಲ. ಮುಂದಿನ ಸುತ್ತಿನಲ್ಲಿ ಕೊಟೇಷನ್‌ಗಳು ಬಂದವು, ಕೆಲವರು ದರದಲ್ಲಿಯೇ ಹಳಬರನ್ನು ಹಿಂದಿಕ್ಕಿದರು. ಸೋತವರಿಗೆ ಯಾವ ಅಂಶದಲ್ಲಿ ಹಿಂದೆ ಬಿದ್ದರೆಂದು ಬರೆದು ತಿಳಿಸುವ ಪದ್ಧತಿಯನ್ನೂ ಆರಂಭಿಸಿದೆವು. ಸೇವೆಯ ವರದಿಯಲ್ಲಿ ಇವುಗಳಿಗೆ ಕಾಲಂ ಇಲ್ಲ. ಆಹ್ವಾನ ಪಡೆದವರೆಷ್ಟು, ಕೊಟೇಷನ್ ಕೊಟ್ಟವರೆಷ್ಟು, ಆರ್ಡರ್ ಗೆದ್ದವರೆಷ್ಟು, ಅವರಿಗೆ ಎಷ್ಟು ದಿನಗಳಲ್ಲಿ ಹಣ ಸಂದಿತು ಎಂಬ ನಾಲ್ಕು ಸಂಖ್ಯೆಗಳು ಅಕ್ಕಪಕ್ಕದಲ್ಲಿ ಇದ್ದಿದ್ದರೆ ನಮ್ಮ ಆರು ತಿಂಗಳು ವ್ಯರ್ಥವಾಗುತ್ತಿರಲಿಲ್ಲ.

ನಾನು ಬಲವಾಗಿ ವಿರೋಧಿಸುವ ಅಂಶ ಇನ್ನೊಂದಿದೆ. ಪೂರೈಕೆದಾರರು ಹೆಚ್ಚುವರಿ ಶುಲ್ಕ ಕಟ್ಟಿದರೆ ಅವರ ಹೆಸರು ಹುಡುಕಾಟದಲ್ಲಿ ಮೇಲೆ ಬರುತ್ತದೆ. ಹಣವಿಲ್ಲದ್ದರಿಂದಲೇ ಹಿಂದುಳಿದವರನ್ನು ಮುಂದೆ ತರಬೇಕಾದ ಡೈರೆಕ್ಟರಿಯಲ್ಲಿ ಹಣ ಕೊಟ್ಟವರಿಗೆ ಮುಂದಿನ ಸಾಲು ಇರಕೂಡದು. ಖರ್ಚನ್ನು ನಮ್ಮಂಥ ಕೊಳ್ಳುವವರಿಂದಲೇ ವಸೂಲು ಮಾಡಲಿ.

ಸಾವಿರಕ್ಕಿಂತ ಹೆಚ್ಚು ಪೂರೈಕೆದಾರರಿರುವ ಸಂಸ್ಥೆಗೆ ಈ ಸೇವೆಯಿಂದ ಪ್ರಯೋಜನವಿದೆ. ನೂರಿನ್ನೂರು ಮಂದಿ ಇರುವಲ್ಲಿ ಪ್ರಮಾಣಪತ್ರ ನೀಡುವ ಸಂಸ್ಥೆಯ ಸದಸ್ಯತ್ವ ಪಡೆದು, ಒಬ್ಬ ಸಿಬ್ಬಂದಿಯನ್ನು ಇದಕ್ಕೆಂದೇ ಬಿಟ್ಟುಕೊಟ್ಟರೆ ಸಾಕು. ನಾವು ಒಪ್ಪಂದವನ್ನು ಒಂದು ವರ್ಷಕ್ಕೆ ಮಾತ್ರ ನವೀಕರಿಸಿದ್ದೇವೆ. ಮೇಲಿನ ನಾಲ್ಕು ಸಂಖ್ಯೆಗಳನ್ನು ವರದಿಯಲ್ಲಿ ಸೇರಿಸಬೇಕು, ಶುದ್ಧಗೊಳಿಸಿದ ಪಟ್ಟಿ ಒಪ್ಪಂದ ಮುಗಿದ ಮೇಲೂ ನಮ್ಮದಾಗಿಯೇ ಉಳಿಯಬೇಕು ಎಂಬ ಎರಡು ಷರತ್ತುಗಳಿಗೆ ಅವರು ಸಹಿ ಹಾಕಿದ್ದಾರೆ. ಶುಲ್ಕ ಕಟ್ಟಿದವರನ್ನು ಮೇಲೇರಿಸುವ ಪದ್ಧತಿಯ ಬಗ್ಗೆ ಇನ್ನೂ ಉತ್ತರ ಕೊಟ್ಟಿಲ್ಲ.